ವಕೀಲರಿಲ್ಲದ ಮನೆಯಿಂದ ಕಾನೂನು ಓದಲು ಹೊರಟವರಿಗೆ

ಪ್ರಶ್ನೆ: ಪದವಿ ಮುಗಿಸಿದ್ದೇನೆ. ಈಗ ವಿಶ್ವವಿದ್ಯಾಲಯವೊಂದರಲ್ಲಿ ಕಾನೂನು ಪದವಿಗೆ ಸೀಟು ಸಿಕ್ಕಿದೆ. ನಮ್ಮ ಮನೆತನದಲ್ಲಿ ಯಾರೂ ವಕೀಲರಿಲ್ಲ, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಜ್ಞಾಪಕಶಕ್ತಿಯೂ ಅಷ್ಟಕ್ಕಷ್ಟೆ. ನೂರಾರು ಕಲಂಗಳನ್ನು ಬಾಯಿಪಾಠ ಮಾಡಬೇಕಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಕಾನೂನು ಓದಿ ಮುಗಿಸಿದವರಾಗಿ, ಆ ವರ್ಷಗಳು ನಿಜಕ್ಕೂ ಹೇಗಿರುತ್ತವೆ ಎಂಬುದನ್ನು ತಿಳಿಸುವಿರಾ?

ಉತ್ತರ: ಬಾಯಿಪಾಠ, ಭಾಷೆ, ಮನೆಯಲ್ಲಿ ವಕೀಲರಿಲ್ಲದಿರುವುದು, ಈ ಮೂರು ಆತಂಕಗಳೂ ಕಾನೂನು ತರಗತಿಗೆ ಮೊದಲ ದಿನ ಕಾಲಿಟ್ಟಾಗ ನನ್ನಲ್ಲೂ ಇದ್ದವು. ಪದವಿ ಮುಗಿಸಿ, ಕೆಲವು ವರ್ಷ ವಕೀಲಿ ವೃತ್ತಿ ನಡೆಸಿ, ಈಗ ಅದೇ ವಿಷಯವನ್ನು ಪಾಠ ಹೇಳುತ್ತಿರುವ ನಾನು ಆ ವರ್ಷಗಳನ್ನು ನೆನೆದರೆ, ನನ್ನನ್ನು ಹೆಚ್ಚು ಕಾಡಿದ್ದು ಈ ಮೂರಕ್ಕಿಂತ ಬೇರೆಯದೇ ಒಂದು ಎಂದು ಅನ್ನಿಸುತ್ತದೆ. ಓದಲು ಬರುತ್ತದೆ ಎಂದುಕೊಂಡಿದ್ದ ನಾನು ಓದುವುದನ್ನೇ ಮೊದಲಿನಿಂದ ಕಲಿಯಬೇಕಾಗಿ ಬಂತು. ಒಂದು ಘಟನೆಯ ಹತ್ತಾರು ಸಂಗತಿಗಳಲ್ಲಿ ಯಾವುದಕ್ಕೆ ತೂಕವಿದೆ, ಯಾವುದಕ್ಕೆ ಇಲ್ಲ ಎಂದು ಗುರುತಿಸುವ ಕಣ್ಣು ಬರುವವರೆಗೆ ಎಷ್ಟು ಪುಟ ತಿರುವಿದರೂ ಕಾನೂನು ಕೈಗೆ ಹತ್ತುವುದಿಲ್ಲ. ಈ ಉತ್ತರದ ಹೆಚ್ಚಿನ ಭಾಗ ಅದನ್ನು ಕುರಿತೇ ಇದೆ.

ಆದರೂ ಬಾಯಿಪಾಠದ ಭಯವನ್ನು ಮೊದಲು ಮುಗಿಸಿಬಿಡುತ್ತೇನೆ. ಜರ್ಮನ್ ನ್ಯಾಯವೇತ್ತ ಕಿರ್ಶ್‌ಮನ್ 1847ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ಶಾಸನ ಮಾಡುವವರು ಮೂರು ಪದ ತಿದ್ದಿದರೆ ಸಾಕು, ಇಡೀ ಗ್ರಂಥಾಲಯಗಳೇ ರದ್ದಿಯಾಗುತ್ತವೆ ಎಂಬ ಅರ್ಥದ ಮಾತನ್ನು ಹೇಳಿದ್ದರು. ನಾನು ಓದುವಾಗ ಅದು ಕೊಂಚ ಅತಿಶಯೋಕ್ತಿ ಅನ್ನಿಸಿತ್ತು. ಆಮೇಲೆ 1860ರ ಭಾರತೀಯ ದಂಡ ಸಂಹಿತೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕೊಲೆಯ ಶಿಕ್ಷೆಯ 302ನೇ ಕಲಂ 103 ಆಯಿತು. ಬೈಗುಳವಾಗಿ ಜನರ ನಾಲಿಗೆಯ ಮೇಲೇ ಉಳಿದುಹೋಗಿದ್ದ 420, ಅಂದರೆ ವಂಚನೆಯ ಕಲಂ, 318ರೊಳಗೆ ಸೇರಿತು. ಸಂಖ್ಯೆಗಳನ್ನೇ ನಂಬಿಕೊಂಡವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಆದರೆ ಎಲ್ಲ ನರಹತ್ಯೆಯೂ ಕೊಲೆಯಲ್ಲ, ಆರೋಪಿಗೆ ಏನು ಉದ್ದೇಶವಿತ್ತು, ಏನು ತಿಳಿದಿತ್ತು ಎಂಬುದರ ಮೇಲೆ ಎರಡರ ನಡುವಿನ ಗೆರೆ ಬೀಳುತ್ತದೆ ಎಂಬುದನ್ನು ಅರ್ಥಮಾಡಿಕೊಂಡು ಓದಿದ್ದವರಿಗೆ ಹೊಸ ಸಂಹಿತೆಯಲ್ಲಿ ಹೆಚ್ಚು ಕಷ್ಟವಾಗಲಿಲ್ಲ, ಏಕೆಂದರೆ ಆ ಗೆರೆ ಬಹುಮಟ್ಟಿಗೆ ಇದ್ದ ಜಾಗದಲ್ಲೇ ಇದೆ. ಪರೀಕ್ಷೆಗೆಂದು ಕೆಲವು ವ್ಯಾಖ್ಯೆಗಳನ್ನು ನೆನಪಿಟ್ಟುಕೊಳ್ಳಲೇಬೇಕಾಗುತ್ತದೆ, ಅದನ್ನು ಮರೆಮಾಚುವುದಿಲ್ಲ. ಆದರೆ ಒಂದು ಕಲಮನ್ನು ಹತ್ತು ಪ್ರಕರಣಗಳಿಗೆ ಅನ್ವಯಿಸಿ ನೋಡಿದವರಿಗೆ ಅದು ತಾನಾಗಿ ನೆನಪಿರುತ್ತದೆ. ನಿಮ್ಮ ಜ್ಞಾಪಕಶಕ್ತಿ ಸಾಧಾರಣವಾಗಿದ್ದರೂ ಸಾಕು.

ಈಗ ಓದುವುದರ ಬಗ್ಗೆ. ಮೊದಲ ಸೆಮಿಸ್ಟರಿನ ಆರಂಭದಲ್ಲಿ ನಮಗೆ ಅಪಕೃತ್ಯ ಕಾನೂನು, ಅಂದರೆ ಕರಾರಿಲ್ಲದಿದ್ದರೂ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಟಾರ್ಟ್ಸ್, ಪಾಠ ಮಾಡುತ್ತಿದ್ದ ಅಧ್ಯಾಪಕಿಯೊಬ್ಬರು ಡೊನಹ್ಯೂ ವಿರುದ್ಧ ಸ್ಟೀವನ್‌ಸನ್ ಎಂಬ ತೀರ್ಪನ್ನು ಓದಿಕೊಂಡು ಬರಲು ಹೇಳಿದ್ದರು. ಪ್ರಪಂಚದ ಹಲವು ದೇಶಗಳ ಕಾನೂನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಎದುರುಗೊಳ್ಳುವ ಪ್ರಕರಣ ಅದು. 1928ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಕೆಫೆಯೊಂದರಲ್ಲಿ ಮೇ ಡೊನಹ್ಯೂ ಎಂಬ ಮಹಿಳೆಗೆ ಅವರ ಸ್ನೇಹಿತೆ ಜಿಂಜರ್ ಬಿಯರ್ ಕೊಡಿಸುತ್ತಾರೆ. ಸ್ವಲ್ಪ ಕುಡಿದ ಮೇಲೆ, ಬಾಟಲಿಯಲ್ಲಿ ಉಳಿದದ್ದನ್ನು ಬಗ್ಗಿಸುವಾಗ ಕೊಳೆತ ಬಸವನಹುಳು ಹೊರಬಿತ್ತು, ಅದರಿಂದ ತನ್ನ ಆರೋಗ್ಯ ಕೆಟ್ಟಿತು ಎಂಬುದು ಆಕೆಯ ದೂರು. ಆಕೆ ದಾವೆ ಹೂಡಿದ್ದು ಪಾನೀಯ ತಯಾರಿಸಿದವರ ಮೇಲೆ. ಈ ಕಥೆಯನ್ನೂ, 'ನಿನ್ನ ನೆರೆಯವರು ಯಾರು' ಎಂದು ತೀರ್ಪು ಬರೆದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಲಾರ್ಡ್ ಆಟ್ಕಿನ್ ಕೇಳಿಕೊಂಡ ಪ್ರಸಿದ್ಧ ಪ್ರಶ್ನೆಯನ್ನೂ ನಾವೆಲ್ಲ ಗಟ್ಟಿ ಮಾಡಿಕೊಂಡು ಹೋಗಿದ್ದೆವು. ಅಧ್ಯಾಪಕಿ ತರಗತಿಗೆ ಬಂದವರೇ, ಹಾಜರಿಯನ್ನೂ ಕರೆಯದೆ, ಒಂದೇ ಪ್ರಶ್ನೆ ಕೇಳಿದರು: "ಬಾಟಲಿಯ ಗಾಜು ಹೇಗಿತ್ತು?"

ಅರುವತ್ತು ಜನರ ತರಗತಿಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಹುಳು ನೆನಪಿತ್ತು, ಊರು ನೆನಪಿತ್ತು, ನ್ಯಾಯಮೂರ್ತಿಗಳ ಹೆಸರು ನೆನಪಿತ್ತು. ಗಾಜನ್ನು ಯಾರೂ ಗಮನಿಸಿರಲಿಲ್ಲ. ಅದು ಒಳಗಿನದು ಕಾಣದಂಥ ಕಡು ಬಣ್ಣದ ಗಾಜು. ಕಾಣದ್ದರಿಂದಲೇ ಅಂಗಡಿಯವನಿಗೂ ಕುಡಿದವಳಿಗೂ ಒಳಗೇನಿದೆ ಎಂದು ಪರೀಕ್ಷಿಸಿ ನೋಡುವ ದಾರಿ ಇರಲಿಲ್ಲ. ದಾರಿ ಇರಲಿಲ್ಲವಾದ್ದರಿಂದಲೇ ಕಾರ್ಖಾನೆಯಲ್ಲಿ ಆದ ಅಜಾಗರೂಕತೆ ಎಲ್ಲಿಯೂ ತಡೆಯಿಲ್ಲದೆ ನೇರವಾಗಿ ಗ್ರಾಹಕಳನ್ನು ತಲುಪಿತು. ತಯಾರಕನಿಗೆ ಆಕೆಯ ವಿಷಯದಲ್ಲಿ ಎಚ್ಚರಿಕೆಯ ಕರ್ತವ್ಯವಿದೆ ಎಂಬ ತೀರ್ಮಾನಕ್ಕೆ ಇದು ಒಂದು ಮುಖ್ಯ ಆಧಾರ. ಬಾಟಲಿ ತಿಳಿಗಾಜಿನದಾಗಿದ್ದರೆ ವಾದ ಬೇರೆ ದಾರಿ ಹಿಡಿಯಬಹುದಿತ್ತು. ಇನ್ನೊಂದು ಸಂಗತಿಯನ್ನೂ ನಾವು ಕೇವಲ ಕಥೆಯ ಅಲಂಕಾರ ಎಂದುಕೊಂಡಿದ್ದೆವು: ಹಣ ಕೊಟ್ಟವಳು ಸ್ನೇಹಿತೆ. ಅಂಗಡಿಯವನ ಜೊತೆ ಡೊನಹ್ಯೂಗೆ ಕರಾರೇ ಇರಲಿಲ್ಲ, ಕರಾರಿಲ್ಲದಿದ್ದರೆ ಆ ಹಾದಿಯಲ್ಲಿ ಪರಿಹಾರವಿಲ್ಲ, ಹಾಗಾಗಿಯೇ ಆಕೆ ತಯಾರಕನ ಬಾಗಿಲು ತಟ್ಟಬೇಕಾಯಿತು. ಆಕೆಯೇ ದುಡ್ಡು ಕೊಟ್ಟು ಕೊಂಡಿದ್ದರೆ ಈ ಪ್ರಕರಣವನ್ನು ಇಂದು ಯಾರೂ ಓದುತ್ತಿರಲಿಲ್ಲವೇನೋ.

1932ರಲ್ಲಿ, ಆಗ ಬ್ರಿಟನ್ನಿನ ಅಂತಿಮ ಮೇಲ್ಮನವಿ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮೂವರು ಪರ, ಇಬ್ಬರು ವಿರುದ್ಧವಾಗಿ ಡೊನಹ್ಯೂ ಪರ ನಿರ್ಣಯ ಕೊಟ್ಟಿತು. ಬಾಟಲಿಯಲ್ಲಿ ಹುಳು ಇತ್ತೇ ಎಂಬುದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ ಎಂಬುದು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಬೆರಗುಗೊಳಿಸುತ್ತದೆ. ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಕಾನೂನಿನಲ್ಲಿ ಈಕೆಗೆ ಹಕ್ಕು ಇದೆಯೇ ಎಂಬ ಪ್ರಶ್ನೆ ಮಾತ್ರ ಆ ಪೀಠದ ಮುಂದಿತ್ತು. ಸಂಗತಿಯ ಪ್ರಶ್ನೆ ಬೇರೆ, ಕಾನೂನಿನ ಪ್ರಶ್ನೆ ಬೇರೆ ಎಂಬುದನ್ನು ನಾನು ಪುಸ್ತಕದ ವ್ಯಾಖ್ಯೆಯಿಂದ ಕಲಿಯಲಿಲ್ಲ. ಎಂದೂ ಸಾಬೀತಾಗದ ಆ ಹುಳುವಿನಿಂದ ಕಲಿತೆ. ಆ ದಿನ ತರಗತಿ ಮುಗಿಸುವ ಮುನ್ನ ಅಧ್ಯಾಪಕಿ ಇನ್ನೊಂದನ್ನು ಓದಿ ಹೇಳಿದರು. ಮೇಲ್ಮನವಿಯ ಖರ್ಚಿಗೆ ಭದ್ರತೆ ಕಟ್ಟಲಾಗದ ಡೊನಹ್ಯೂ, ಉಟ್ಟ ಬಟ್ಟೆ ಮತ್ತು ಈ ಮೇಲ್ಮನವಿಯ ವಿಷಯವನ್ನು ಬಿಟ್ಟರೆ ತನ್ನ ಬಳಿ ಐದು ಪೌಂಡ್ ಬೆಲೆಯಷ್ಟೂ ಆಸ್ತಿ ಇಲ್ಲವೆಂದು ಪ್ರಮಾಣ ಮಾಡಿ, ಬಡವಳೆಂದು ನ್ಯಾಯಾಲಯದ ಮಾನ್ಯತೆ ಪಡೆದು ವ್ಯಾಜ್ಯ ನಡೆಸಿದ್ದರು. ಅರ್ಧ ಪ್ರಪಂಚ ಇಂದಿಗೂ ಪಾಠ ಮಾಡುವ ತತ್ವವೊಂದರ ಹಿಂದೆ ಇಷ್ಟೊಂದು ಬಡತನವಿತ್ತು ಎಂಬುದನ್ನು ನನಗೆ ಮರೆಯಲಾಗಿಲ್ಲ.

ತೀರ್ಪುಗಳ ಮೂಲಕವೇ ಕಾನೂನು ಕಲಿಸುವ ಈ ಪದ್ಧತಿಯನ್ನು 1870ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಲ್ಯಾಂಗ್‌ಡೆಲ್ ಎಂಬ ಡೀನ್ ಬೇರೂರಿಸಿದರು. ಸಂಹಿತೆಗಳೇ ಪ್ರಧಾನವಾಗಿರುವ ಫ್ರಾನ್ಸ್, ಜರ್ಮನಿಯಂಥ ದೇಶಗಳಲ್ಲಿ ಪಾಠದ ಕ್ರಮ ಬೇರೆ. ಓದಿನ ಅವಧಿಯೂ ಎಲ್ಲ ಕಡೆ ಒಂದೇ ಅಲ್ಲ: ಅಮೆರಿಕದಲ್ಲಿ ಪದವಿಯ ನಂತರ ಮೂರು ವರ್ಷ, ಇಂಗ್ಲೆಂಡಿನಲ್ಲಿ ಶಾಲೆ ಮುಗಿದೊಡನೆ ಸಾಮಾನ್ಯವಾಗಿ ಮೂರು ವರ್ಷ, ಭಾರತದಲ್ಲಿ ಪಿಯುಸಿಯ ನಂತರ ಐದು ಅಥವಾ ಪದವಿಯ ನಂತರ ಮೂರು. ನೀವು ಪದವಿ ಮುಗಿಸಿ ಬರುತ್ತಿರುವುದು ಒಳ್ಳೆಯದೇ. ಬೇರೊಂದು ವಿಷಯವನ್ನು ಆಳವಾಗಿ ಓದಿ ಬಂದವರು ತೀರ್ಪಿನಲ್ಲಿ ಲೆಕ್ಕಪತ್ರವೋ ಭೂಮಿಯ ಅಳತೆಯೋ ವೈದ್ಯಕೀಯ ವರದಿಯೋ ಬಂದಾಗ ಕಂಗಾಲಾಗುವುದಿಲ್ಲ.

ತೀರ್ಪನ್ನು ಓದುವ ಕೆಲಸ ಆರಂಭದಲ್ಲಿ ಬಹಳ ನಿಧಾನ. ನನ್ನ ಮೊದಲ ತೀರ್ಪಿಗೆ ಮೂರು ಸಂಜೆಗಳು ಬೇಕಾದವು. ವಾದಿ ಯಾರು, ಪ್ರತಿವಾದಿ ಯಾರು, ಕೆಳ ನ್ಯಾಯಾಲಯ ಏನು ಹೇಳಿತ್ತು, ಈಗ ಮೇಲ್ಮನವಿ ತಂದವರು ಯಾರು ಎಂಬುದನ್ನು ಬಿಡಿಸಿಕೊಳ್ಳುವುದಕ್ಕೇ ಮೊದಲ ಸಂಜೆ ಮುಗಿದಿತ್ತು. ಆ ಮೇಲೆ ನ್ಯಾಯಾಲಯ ತನ್ನ ನಿರ್ಣಯಕ್ಕೆ ಅವಶ್ಯವಾಗಿ ಅವಲಂಬಿಸಿದ ಕಾರಣ ಯಾವುದು, ಮಾತಿನ ಓಘದಲ್ಲಿ ಹೇಳಿದ್ದು ಯಾವುದು ಎಂದು ಬೇರ್ಪಡಿಸಬೇಕು. ಮೊದಲನೆಯದನ್ನು ರೇಷಿಯೋ ಎಂದೂ ಎರಡನೆಯದನ್ನು ಒಬಿಟರ್ ಎಂದೂ ಕರೆಯುತ್ತಾರೆ. ಮುಂದಿನ ಪ್ರಕರಣಗಳನ್ನು ಕಟ್ಟಿಹಾಕುವುದು ಮೊದಲನೆಯದು ಮಾತ್ರ. ಹೇಳಲು ಸುಲಭ, ಮಾಡಲು ಕಷ್ಟ. ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿ, 1973ರಲ್ಲಿ 11 ಪ್ರತ್ಯೇಕ ತೀರ್ಪುಗಳನ್ನು ಬರೆದರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂಬ ನಿಲುವು ಏಳು ಆರರ ಅಂತರದಲ್ಲಿ ಗೆದ್ದಿತು ಎಂದು ನಾವು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇವೆ. ಆ ಒಂದು ವಾಕ್ಯ ಆ ಹನ್ನೊಂದು ತೀರ್ಪುಗಳ ಒಳಗೆ ಎಲ್ಲಿದೆ ಎಂದು ಹುಡುಕಲು ಹೊರಟ ನನಗೂ ನನ್ನ ಇಬ್ಬರು ಸಹಪಾಠಿಗಳಿಗೂ ಒಂದು ದಸರಾ ರಜೆ ಪೂರ್ತಿ ಬೇಕಾಯಿತು. ಮೂರನೆಯ ವರ್ಷದ ಹೊತ್ತಿಗೆ ಸಾಧಾರಣ ತೀರ್ಪೊಂದನ್ನು ಅರ್ಧ ಗಂಟೆಯಲ್ಲಿ ಓದಿ ತಿರುಳು ತೆಗೆಯುವಂತಾಗುತ್ತದೆ. ಆದರೆ ಆ ವೇಗವನ್ನು ಮೊದಲ ವರ್ಷದಲ್ಲೇ ನಿರೀಕ್ಷಿಸಿ ನಿರಾಶರಾಗಬೇಡಿ.

ಈ ನಿಧಾನಕ್ಕೆ ಅಡ್ಡದಾರಿಯೊಂದಿದೆ, ಅದನ್ನು ಹಿಡಿದು ನಾನು ಪಾಠ ಕಲಿತಿದ್ದೇನೆ. ಕಾನೂನು ವರದಿಗಳಲ್ಲಿ ತೀರ್ಪಿನ ಮೇಲ್ಭಾಗದಲ್ಲಿ ಸಂಪಾದಕರು ಬರೆದ ಸಾರಾಂಶ ಇರುತ್ತದೆ, ಹೆಡ್‌ನೋಟ್ ಎನ್ನುತ್ತಾರೆ. ಎರಡನೆಯ ವರ್ಷದ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ನಾನು ಒಂದು ಪ್ರಕರಣದ ಹೆಡ್‌ನೋಟ್ ಮಾತ್ರ ಓದಿ, ಅದನ್ನೇ ನನ್ನ ಪ್ರಧಾನ ಆಧಾರವಾಗಿ ಪೀಠದ ಮುಂದಿಟ್ಟೆ. ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತಿದ್ದ ಹಿರಿಯ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅದೇ ತೀರ್ಪಿನ ಕೊನೆಯಲ್ಲಿ ಪೀಠವು ಈ ತತ್ವಕ್ಕೆ ಮಿತಿಯೊಂದನ್ನು ಹಾಕಿದೆಯಲ್ಲ, ನಿಮ್ಮ ಕಕ್ಷಿದಾರರು ಆ ಮಿತಿಯ ಒಳಗೆ ಬರುತ್ತಾರೆಯೇ?" ಎಂದು ಬಹಳ ಸೌಜನ್ಯದಿಂದ ಕೇಳಿದರು. ಆ ಮಿತಿ ಏನೆಂದೇ ನನಗೆ ತಿಳಿದಿರಲಿಲ್ಲ. ಉಳಿದ ಆರು ನಿಮಿಷ ನಾನು ಏನು ಮಾತಾಡಿದೆನೋ ನೆನಪಿಲ್ಲ. ಅಂಕ ಹೋದದ್ದಕ್ಕಿಂತ, ನಾನು ಓದಿಲ್ಲದ್ದನ್ನು ಓದಿದ್ದೇನೆಂದು ಪೀಠದ ಮುಂದೆ ನಟಿಸಿದ್ದೆನಲ್ಲ ಎಂಬ ನಾಚಿಕೆ ಬಹಳ ದಿನ ಉಳಿಯಿತು. ಅಂದಿನಿಂದ ಪೂರ್ತಿ ಓದದ ತೀರ್ಪನ್ನು ನಾನು ಎಲ್ಲಿಯೂ ಉಲ್ಲೇಖಿಸಿಲ್ಲ. ಇಂದು ಯಂತ್ರಗಳೇ ಸಾರಾಂಶ ಬರೆದುಕೊಡುವ ಕಾಲದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಪರೀಕ್ಷೆಯಲ್ಲಿ ನಿಮ್ಮನ್ನು ನಿಜವಾಗಿ ಅಳೆಯುವುದು ಸಮಸ್ಯಾ ಪ್ರಶ್ನೆ. ಒಂದು ಕಾಲ್ಪನಿಕ ಘಟನೆ ಕೊಟ್ಟು, ಯಾರಿಗೆ ಯಾವ ಹಕ್ಕಿದೆ ಎಂದು ಸಲಹೆ ನೀಡಲು ಕೇಳುತ್ತಾರೆ. ಇದರ ಸ್ವರೂಪ ತಿಳಿಯಲು ನಿಜವಾಗಿ ನಡೆದ ಒಂದು ಪ್ರಕರಣವನ್ನೇ ತೆಗೆದುಕೊಳ್ಳೋಣ. ಗೌರಿ ದತ್ತ ಎಂಬವರ ಮನೆಯ ಬಾಲಕ ಕಾಣೆಯಾಗುತ್ತಾನೆ. ಹುಡುಕಿಕೊಂಡು ಬರಲು ಲಾಲ್‌ಮನ್ ಶುಕ್ಲಾ ಎಂಬ ತಮ್ಮ ನೌಕರನನ್ನು ಅವರು ಹರಿದ್ವಾರದ ಕಡೆ ಕಳಿಸುತ್ತಾರೆ. ಆತ ಹೊರಟ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ ಎಂಬ ಕರಪತ್ರ ಹೊರಡುತ್ತದೆ. ಲಾಲ್‌ಮನ್ ಹುಡುಗನನ್ನು ಪತ್ತೆಹಚ್ಚುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಬಹುಮಾನದ ವಿಷಯ ತಿಳಿದಿರುವುದಿಲ್ಲ. ಆಮೇಲೆ ತಿಳಿದು ದಾವೆ ಹೂಡುತ್ತಾನೆ. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಅವನಿಗೆ ಬಹುಮಾನ ಇಲ್ಲ ಎಂದಿತು.

ಇದನ್ನು ಮೊದಲ ಬಾರಿ ಕೇಳಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೆರಳುತ್ತಾರೆ, ನಾನೂ ಕೆರಳಿದ್ದೆ. ಅಷ್ಟು ದೂರ ಅಲೆದು ಹುಡುಗನನ್ನು ಹುಡುಕಿದವನು ಅವನೇ ತಾನೆ? ಆ ಕೆರಳುವಿಕೆ ತಪ್ಪಲ್ಲ, ಆದರೆ ಅದು ಉತ್ತರವಲ್ಲ. ಒಂದು ಪ್ರಸ್ತಾವವನ್ನು ಒಪ್ಪಿಕೊಳ್ಳಬೇಕಾದರೆ ಅಂಥ ಪ್ರಸ್ತಾವ ಇದೆಯೆಂದು ಮೊದಲು ತಿಳಿದಿರಬೇಕು. ತಿಳಿಯದೆ ಮಾಡಿದ ಕೆಲಸ ಒಪ್ಪಿಗೆಯಾಗದು, ಒಪ್ಪಿಗೆಯಿಲ್ಲದೆ ಕರಾರಾಗದು. ಇಷ್ಟು ಬರೆದವರಿಗೆ ಪಾಸಾಗುವಷ್ಟು ಅಂಕ ಬರುತ್ತದೆ. ಒಳ್ಳೆಯ ವಿದ್ಯಾರ್ಥಿ ಇಲ್ಲಿಗೆ ನಿಲ್ಲದೆ ಸಂಗತಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಾನೆ. ಹೊರಡುವ ಮುನ್ನವೇ ಕರಪತ್ರ ಕಂಡಿದ್ದರೆ? ಆಗಲೂ, ಹುಡುಕುವುದು ನೌಕರನಾಗಿ ಅವನ ಕರ್ತವ್ಯವೇ ಆಗಿತ್ತಲ್ಲ, ಮೊದಲೇ ಮಾಡಬೇಕಾಗಿದ್ದ ಕೆಲಸ ಹೊಸ ವಾಗ್ದಾನಕ್ಕೆ ಪ್ರತಿಫಲವಾಗುತ್ತದೆಯೇ? ಅವನು ನೌಕರನಲ್ಲದೆ ದಾರಿಹೋಕನಾಗಿದ್ದರೆ? ಹುಡುಗ ಸಿಕ್ಕ ಮೇಲೆ, ಆದರೆ ಮನೆಗೆ ತಲುಪಿಸುವ ಮೊದಲು ಕರಪತ್ರ ಕೈಗೆ ಬಂದಿದ್ದರೆ? ಹೀಗೆ ಒಂದು ಸಂಗತಿ ಸರಿದಾಗ ಉತ್ತರ ಎಲ್ಲಿಗೆ ಸರಿಯುತ್ತದೆ ಎಂದು ನೋಡುವುದೇ ಕಾನೂನಿನ ಆಲೋಚನೆ. ಉತ್ತರ ಪತ್ರಿಕೆ ತಿದ್ದುವವಳಾಗಿ ಹೇಳುತ್ತೇನೆ, ಕೊನೆಗೆ ಯಾವ ಪಕ್ಷ ಗೆದ್ದಿತು ಎಂದು ನೀವು ಬರೆದಿರಿ ಎಂಬುದಕ್ಕಿಂತ, ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ನೀವು ಪ್ರಾಮಾಣಿಕವಾಗಿ ಎದುರಿಸಿದಿರಾ ಎಂಬುದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ನಿಮ್ಮ ಭಾಷೆಯ ಆತಂಕಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಮಾತಾಡಲು ತಡವರಿಸುವವರಿಗೆ ಮೊದಲ ಸೆಮಿಸ್ಟರ್ ಕಷ್ಟ ಎಂಬುದು ನಿಜ. ದಿನಕ್ಕೆ ಹತ್ತು ಪುಟವನ್ನು ನಿಘಂಟು ಹಿಡಿದು ಓದುವುದಲ್ಲದೆ ಬೇರೆ ಉಪಾಯ ನನಗೂ ಇರಲಿಲ್ಲ. ಆದರೆ ಕಾನೂನಿನ ಭಾಷೆ ಯಾರಿಗೂ ಮಾತೃಭಾಷೆಯಲ್ಲ. ಇಂಗ್ಲೆಂಡಿನ ಜನರೇ ಶತಮಾನಗಳ ಕಾಲ ತಮ್ಮ ನ್ಯಾಯಾಲಯಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಕೇಳುತ್ತಿದ್ದರು; ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು 1362ರಲ್ಲಿ ಕಾಯ್ದೆ ಬಂದರೂ, ದಾಖಲೆಗಳಿಂದ ಲ್ಯಾಟಿನ್ ಹೊರಹೋಗಲು 1730ರ ಇನ್ನೊಂದು ಕಾಯ್ದೆ ಬೇಕಾಯಿತು. ಇಂಗ್ಲಿಷ್ ಚೆನ್ನಾಗಿ ಬರುವ ವಿದ್ಯಾರ್ಥಿಗಳು ಎಡವುವ ಜಾಗಗಳೂ ಇವೆ. ಕರಾರು ಕಾನೂನಿನ 'ಕನ್ಸಿಡರೇಷನ್' ಎಂಬ ಪದವನ್ನು ಅವರು ದಿನಬಳಕೆಯ ಅರ್ಥದಲ್ಲಿ ಪರಿಗಣನೆ, ಸಹಾನುಭೂತಿ ಎಂದುಕೊಂಡು ವಾರಗಟ್ಟಲೆ ಗೊಂದಲಪಡುವುದನ್ನು ಕಂಡಿದ್ದೇನೆ. ನಾನು ಪುಸ್ತಕದ ಅಂಚಿನಲ್ಲಿ 'ಪ್ರತಿಫಲ' ಎಂದು ಬರೆದುಕೊಂಡ ದಿನವೇ ಅದು ತಿಳಿಯಾಯಿತು: ಒಂದರ ಬದಲಿಗೆ ಇನ್ನೊಂದು, ಕೊಟ್ಟದ್ದಕ್ಕೆ ಪಡೆದದ್ದು. ಹಾಗೆಯೇ 'ಸ್ವಾಧೀನ' ಮತ್ತು 'ಒಡೆತನ'. ಜಮೀನಿನ ತಕರಾರಿನ ಮಾತು ಕಿವಿಗೆ ಬಿದ್ದಿರುವ ಯಾವ ಕನ್ನಡಿಗನಿಗೂ ಇವೆರಡೂ ಬೇರೆ ಎಂದು ವಿವರಿಸಬೇಕಾಗಿಲ್ಲ. ಉಳುವವನು ಒಬ್ಬ, ಪತ್ರ ಇರುವುದು ಇನ್ನೊಬ್ಬನ ಹೆಸರಿನಲ್ಲಿ ಎಂದರೆ ಸಾಕು. ಆದ್ದರಿಂದ ಪ್ರತಿಯೊಂದು ಪರಿಕಲ್ಪನೆಯನ್ನೂ ಮೊದಲು ಕನ್ನಡದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಕನ್ನಡದಲ್ಲಿ ಹೇಳಲಾಗದಿದ್ದರೆ ಅದು ನಿಮಗೆ ಇನ್ನೂ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ಈ ಓದಿನಲ್ಲಿ ಒಂದು ಅಪಾಯವೂ ಇದೆ, ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಸಂಗತಿಗಳನ್ನು ತೂಗಿ ತೂಗಿ, ಅವು ಮನುಷ್ಯರಿಗೆ ಆದವು ಎಂಬುದೇ ಮರೆತುಹೋಗುತ್ತದೆ. ಸಾಕ್ಷ್ಯ ಕಾನೂನಿನ ತರಗತಿಯಲ್ಲಿ ತುಕಾರಾಮ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣ ಬಂತು. 1972ರಲ್ಲಿ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಆರೋಪ ಅದು. ಆಕೆಯ ಮೈಮೇಲೆ ಗಾಯಗಳಿಲ್ಲ, ಪ್ರತಿರೋಧದ ಗುರುತಿಲ್ಲ ಎಂಬುದನ್ನು ಮುಂದಿಟ್ಟು ಸುಪ್ರೀಂ ಕೋರ್ಟ್ 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ನಾವು ಸಮ್ಮತಿಯ ಕಾನೂನು, ಸಾಬೀತುಪಡಿಸುವ ಹೊಣೆ ಎಂದು ಟಿಪ್ಪಣಿ ಬರೆದುಕೊಳ್ಳುತ್ತಾ ಹೋಗುತ್ತಿದ್ದೆವು. ಹಿಂದಿನ ಬೆಂಚಿನಲ್ಲಿದ್ದ ಸಹಪಾಠಿಯೊಬ್ಬಳು ಪೆನ್ನು ಕೆಳಗಿಟ್ಟು, "ರಾತ್ರಿ ಹೊತ್ತು ಠಾಣೆಯೊಳಗೆ ಆ ಹುಡುಗಿ ಯಾರ ಎದುರು ಕೂಗಿಕೊಳ್ಳಬೇಕಿತ್ತು ಸಾರ್?" ಎಂದು ಕೇಳಿದಳು. ತರಗತಿ ಸ್ತಬ್ಧವಾಯಿತು. ನಮ್ಮ ಅಧ್ಯಾಪಕರು ಪಾಠ ನಿಲ್ಲಿಸಿ, ಇದೇ ಪ್ರಶ್ನೆಯನ್ನು 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು, ಅಂದರೆ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್ ಮತ್ತು ರಘುನಾಥ ಕೇಳ್ಕರ್, ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರದಲ್ಲಿ ಎತ್ತಿದ್ದರು ಎಂದು ಹೇಳಿದರು. ಆ ಪತ್ರದಿಂದ ದೇಶದಲ್ಲಿ ಎದ್ದ ಚರ್ಚೆ ಮತ್ತು ಚಳವಳಿಯ ನಂತರ 1983ರಲ್ಲಿ ಕಾಯ್ದೆಯೇ ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿದ್ದಾಗ ನಡೆದ ಅತ್ಯಾಚಾರದಲ್ಲಿ, ಸಂಭೋಗ ನಡೆದದ್ದು ಸಾಬೀತಾಗಿ ಮಹಿಳೆ ತಾನು ಸಮ್ಮತಿಸಿರಲಿಲ್ಲವೆಂದು ನ್ಯಾಯಾಲಯದಲ್ಲಿ ನುಡಿದರೆ, ಸಮ್ಮತಿ ಇರಲಿಲ್ಲ ಎಂದೇ ನ್ಯಾಯಾಲಯ ಭಾವಿಸಬೇಕೆಂಬ ನಿಯಮ ಬಂತು. ಸಂಗತಿಯನ್ನು ತೂಗುವ ವಿದ್ಯೆಯೂ ಆ ಸಹಪಾಠಿಯ ಪ್ರಶ್ನೆಯೂ ಒಂದಕ್ಕೊಂದು ವಿರುದ್ಧವಲ್ಲ. ಠಾಣೆ, ರಾತ್ರಿ, ಎದುರಿಗಿದ್ದವರ ಸಮವಸ್ತ್ರ, ಇವೂ ತೂಗಬೇಕಾದ ಸಂಗತಿಗಳೇ ಆಗಿದ್ದವು. ತೂಗಿದವರು ಅವನ್ನು ತಕ್ಕಡಿಗೆ ಹಾಕಿರಲಿಲ್ಲ.

ಹಾಗೆಂದೇ ಭಿನ್ನಮತದ ತೀರ್ಪುಗಳನ್ನು ಬಿಟ್ಟು ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲವೆಂದು ವಿದ್ಯಾರ್ಥಿಗಳು ಹಾರಿಸುವ ಪುಟಗಳು ಅವು. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬಂಧಿತರು ತಮ್ಮ ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಬರಬಹುದೇ ಎಂಬ ಎಡಿಎಂ ಜಬಲ್ಪುರ ಪ್ರಕರಣದಲ್ಲಿ, 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಬರಲಾಗದು ಎಂದರು, ಎಚ್.ಆರ್. ಖನ್ನಾ ಒಬ್ಬರೇ ಬರಬಹುದು ಎಂದು ಬರೆದರು. ಅವರ ಹಿರಿತನವನ್ನು ಕಡೆಗಣಿಸಿ ಮರುವರ್ಷ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟರು. 2017ರಲ್ಲಿ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಬಹುಮತದ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಇದ್ದರು, 1976ರ ಬಹುಮತದಲ್ಲಿದ್ದವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಒಬ್ಬರು. ಖನ್ನಾ ಅವರ ಪುಟಗಳನ್ನು 41 ವರ್ಷಗಳ ಕಾಲ ತರಗತಿಗಳಲ್ಲಿ ಯಾರೋ ಓದುತ್ತಲೇ ಇದ್ದರು.

ಇನ್ನು ಮನೆಯಲ್ಲಿ ವಕೀಲರಿಲ್ಲದಿರುವುದು. ವಕೀಲರ ಮಕ್ಕಳಿಗೆ ಮೊದಲ ವರ್ಷದಲ್ಲಿ ಅನುಕೂಲವಿರುತ್ತದೆ: ವಕಾಲತ್ತು ನಾಮೆ ಎಂದರೇನು, ಕೋರ್ಟಿನಲ್ಲಿ ಎಲ್ಲಿ ನಿಲ್ಲಬೇಕು, ಗುಮಾಸ್ತರನ್ನು ಹೇಗೆ ಮಾತಾಡಿಸಬೇಕು ಎಂಬುದೆಲ್ಲ ಅವರಿಗೆ ಗೊತ್ತು. ವೃತ್ತಿಗೆ ಇಳಿದ ಮೇಲೆ ಕಕ್ಷಿದಾರರೂ ಕಚೇರಿಯೂ ಸಿದ್ಧವಾಗಿರುವುದು ಇನ್ನೂ ದೊಡ್ಡ ಅನುಕೂಲ. ಅದು ಅನ್ಯಾಯವೆಂದೇ ನನ್ನ ಭಾವನೆ, ಮತ್ತು ಅದು ನಿಮ್ಮ ಮೊದಲ ಕೆಲವು ವರ್ಷಗಳ ಸಂಪಾದನೆಯನ್ನು ತಟ್ಟುತ್ತದೆ ಎಂದು ಮುಚ್ಚಿಡದೆ ಹೇಳುತ್ತೇನೆ. ಆದರೆ ಓದಿನ ವಿಷಯದಲ್ಲಿ ಆ ಅಂತರ ಎರಡನೆಯ ವರ್ಷದ ಹೊತ್ತಿಗೆ ಕರಗುತ್ತದೆ. ರಜೆಯಲ್ಲಿ ಯಾರಾದರೂ ವಕೀಲರ ಕಚೇರಿಯಲ್ಲಿ ಕುಳಿತು ಕಡತ ಓದಿ. ಬಿಡುವಿದ್ದಾಗ ತೆರೆದ ನ್ಯಾಯಾಲಯದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಪಾಟೀ ಸವಾಲು ಕೇಳಿ. ಕುಳಿತು ಕೇಳಲು ಯಾರ ಪರಿಚಯವೂ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ವಿಶ್ವವಿದ್ಯಾಲಯದಲ್ಲಿ ಕಾನೂನು ನೆರವಿನ ಕೇಂದ್ರವಿದ್ದರೆ ಮೊದಲ ವರ್ಷವೇ ಅಲ್ಲಿ ಹೆಸರು ಬರೆಸಿ. ತರಗತಿ ಕಲಿಸದ ಒಂದು ಸಂಗತಿಯನ್ನು ನಾನು ಅಲ್ಲಿ ಕಲಿತೆ. ತೀರ್ಪಿನಲ್ಲಿ ಸಂಗತಿಗಳು ಸೋಸಿ, ಕ್ರಮವಾಗಿ, ದಿನಾಂಕದ ಪ್ರಕಾರ ಬಂದಿರುತ್ತವೆ. ಮನುಷ್ಯರು ಹಾಗೆ ಹೇಳುವುದಿಲ್ಲ. ವಯಸ್ಸಾದ ಮಹಿಳೆಯೊಬ್ಬರು ಬಟ್ಟೆಯ ಚೀಲದ ತುಂಬ ಕಾಗದ ತಂದು, ಮುಕ್ಕಾಲು ಗಂಟೆ ತಮ್ಮ ಅಣ್ಣ ಹೇಗೆ ನಡೆದುಕೊಂಡ, ತಾಯಿ ತೀರಿಕೊಂಡಾಗ ಯಾರು ಬಂದರು, ಯಾರು ಬರಲಿಲ್ಲ ಎಂದು ಹೇಳಿದರು. ನಾನು ಮೂರು ಪುಟ ಬರೆದುಕೊಂಡಿದ್ದೆ. ಎದ್ದು ಹೊರಡುವಾಗ, "ಇದೊಂದು ಕವರು ಬಂದಿತ್ತಮ್ಮ, ಓದೋಕೆ ಬರಲ್ಲ ಅಂತ ಇಟ್ಕೊಂಡಿದ್ದೆ" ಎಂದು ಚೀಲದ ತಳದಿಂದ ಒಡೆಯದ ಲಕೋಟೆಯೊಂದನ್ನು ತೆಗೆದರು. ಅದು ನ್ಯಾಯಾಲಯದ ಸಮನ್ಸ್. ಹಾಜರಾಗಬೇಕಾದ ದಿನಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ನಾನು ಬರೆದುಕೊಂಡಿದ್ದ ಮೂರು ಪುಟಗಳಲ್ಲಿ ಆ ಲಕೋಟೆ ಇರಲಿಲ್ಲ, ಏಕೆಂದರೆ ಕಾಗದ ಏನಾದರೂ ಬಂದಿದೆಯೇ ಎಂದು ನಾನು ಕೇಳಿಯೇ ಇರಲಿಲ್ಲ. ನಮ್ಮ ಕೇಂದ್ರದ ಹಿರಿಯರು ಅಂದೇ ವಕೀಲರೊಬ್ಬರನ್ನು ಗೊತ್ತುಮಾಡಿದ್ದರಿಂದ ಏಕಪಕ್ಷೀಯ ಆದೇಶ ತಪ್ಪಿತು. ಇಂದು ಕೂಡ ಕಕ್ಷಿದಾರರು ಎದುರು ಕುಳಿತೊಡನೆ ನಾನು ಕೇಳುವ ಮೊದಲ ಪ್ರಶ್ನೆ ಅದೇ. ಅವರು ಹೇಳಬೇಕೆಂದಿರುವುದನ್ನು ಪೂರ್ತಿ ಕೇಳುವುದು ಆಮೇಲೆ, ಆದರೆ ಪೂರ್ತಿ ಕೇಳುತ್ತೇನೆ.

ತರಗತಿ ಆರಂಭವಾಗಲು ನಿಮಗೆ ಇನ್ನೂ ಕೆಲವು ದಿನಗಳಿದ್ದರೆ, ದಪ್ಪ ಪುಸ್ತಕಗಳನ್ನು ಕೊಳ್ಳುವ ಅವಸರ ಬೇಡ. ಮೇಲೆ ಹೇಳಿದ ಲಾಲ್‌ಮನ್ ಶುಕ್ಲಾ ಪ್ರಕರಣದ ತೀರ್ಪನ್ನು ಹುಡುಕಿ ಓದಿ. ಬಹಳ ಚಿಕ್ಕದು, ಒಂದು ಸಂಜೆ ಸಾಕು. ಓದಿದ ಮೇಲೆ ಗೌರಿ ದತ್ತರ ಪರವಾಗಿ ಒಂದು ಪುಟ, ಲಾಲ್‌ಮನ್ ಪರವಾಗಿ ಒಂದು ಪುಟ, ಎರಡನ್ನೂ ಅಷ್ಟೇ ಶ್ರದ್ಧೆಯಿಂದ, ಕನ್ನಡದಲ್ಲೇ ಬರೆಯಿರಿ. ಕರಾರು ಕಾನೂನಿನ ಮೊದಲ ಪಾಠದ ದಿನ ಆ ಎರಡು ಹಾಳೆಗಳು ನಿಮ್ಮ ಜೊತೆಗಿರಲಿ.